ಟಿ.ವಿ. ಕ್ವಿಜ್: ಬಹುಮಾನ ದೊಡ್ಡದೋ, ಪ್ರಶ್ನೆ ದೊಡ್ಡದೋ?

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣದ ವೇದಿಕೆಯಲ್ಲಿ ಟಿ.ವಿ.ಯ ಆಟಗಳ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಈಗ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದರೆ ಮಕ್ಕಳು ಯೋಚಿಸುವ ಮೊದಲೇ "ಆಪ್ಷನ್ ಕೊಡಿ ಸರ್" ಎನ್ನುತ್ತಾರೆ. ಉತ್ತರ ಗೊತ್ತಿದ್ದ ಹುಡುಗ "ಹೇಳಿದ್ರೆ ಏನು ಕೊಡ್ತೀರಿ ಸರ್?" ಎನ್ನುತ್ತಾನೆ. ಕೇಳಿ ನಗು ಬರುತ್ತದೆ. ಆದರೆ ಈ ಎರಡು ಮಾತುಗಳೂ ಮಕ್ಕಳಿಗೆ ಎಲ್ಲಿಂದ ಬಂದವು ಎಂದು ನಾವು ಯೋಚಿಸಲೇಬೇಕು.

ನಮ್ಮ ದೇಶದಲ್ಲಿ ಕ್ವಿಜ್ ಮನೆಮನೆಗೆ ಬಂದದ್ದು ಮೊದಲು ರೇಡಿಯೋದಿಂದ. 1972ರಲ್ಲಿ ಶುರುವಾದ ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟನ್ನು ಹಮೀದ್ ಸಯಾನಿ ನಡೆಸುತ್ತಿದ್ದರು. 1975ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಅಮೀನ್ ಸಯಾನಿ ಅದನ್ನು ಮುಂದುವರಿಸಿದರು. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬಂತು. ಕಾಲೇಜುಗಳ ತಂಡಗಳು ಪರಸ್ಪರ ಸ್ಪರ್ಧಿಸುತ್ತಿದ್ದವು. ಅಲ್ಲಿ ಪ್ರಶ್ನೆಗೇ ಗೌರವ, ಗೆದ್ದವರಿಗೆ ಚಪ್ಪಾಳೆಯೇ ದೊಡ್ಡ ಬಹುಮಾನ. ಆದರೆ ಇವು ಇಂಗ್ಲಿಷ್ ಕಾರ್ಯಕ್ರಮಗಳು. ಕನ್ನಡ ಶಾಲೆಯ, ಉರ್ದು ಶಾಲೆಯ ಜಾಣ ಮಕ್ಕಳು ಹೊರಗೆ ನಿಂತು ನೋಡಬೇಕಿತ್ತು. ಪ್ರಶ್ನೆ ಚೆನ್ನಾಗಿತ್ತು, ಬಾಗಿಲು ಮಾತ್ರ ಕಿರಿದಾಗಿತ್ತು.

ಆ ಬಾಗಿಲು ಅಗಲವಾದದ್ದು 2000ದ ಜುಲೈ 3ರಂದು. ಬ್ರಿಟನ್‌ನಲ್ಲಿ 1998ರಲ್ಲಿ ಹುಟ್ಟಿದ ಆಟವೊಂದು 'ಕೌನ್ ಬನೇಗಾ ಕರೋಡ್‌ಪತಿ'ಯಾಗಿ ಅಮಿತಾಭ್ ಬಚ್ಚನ್ ಅವರ ದನಿಯಲ್ಲಿ ಹಿಂದಿಗೆ ಬಂತು. ಇದನ್ನು ತಯಾರಿಸಿದ್ದು ಅದೇ ಸಿದ್ಧಾರ್ಥ ಬಸು ಅವರ ಸಂಸ್ಥೆ ಎಂಬುದು ಗಮನಿಸಬೇಕಾದ ಅಂಶ. ಕಾಲೇಜಿನ ಹೆಸರು ಬೇಕಿಲ್ಲ, ಇಂಗ್ಲಿಷ್ ಬೇಕಿಲ್ಲ, ಫೋನ್ ಮಾಡಿದರೆ ಅವಕಾಶ ಸಿಗಬಹುದು. 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟಾಗ ನಮ್ಮ ರಾಜ್ಯದ ಹಳ್ಳಿಗಾಡಿನವರಿಗೂ ಆ ಕುರ್ಚಿ ತಮ್ಮದು ಎನಿಸಿತು. ಹೊಸ ಆಟಗಳನ್ನು ಬರೀ ದೂರುವವರು ಈ ಉಪಕಾರವನ್ನು ಮರೆಯಬಾರದು.

ಇದೆಲ್ಲಾ ಅದೃಷ್ಟದ ಆಟ ಎನ್ನುವವರಿಗೂ ಒಂದು ಲೆಕ್ಕ ಹೇಳುತ್ತೇನೆ. ಆರಂಭದಲ್ಲಿ ಕೋಟಿ ಗೆಲ್ಲಲು 15 ಪ್ರಶ್ನೆ, ಪ್ರತಿಯೊಂದಕ್ಕೂ 4 ಉತ್ತರ. ಏನೂ ಓದದೆ, ಸಹಾಯವನ್ನೂ ಕೇಳದೆ, ಕಣ್ಣು ಮುಚ್ಚಿ ಉತ್ತರಿಸುತ್ತಾ ಹೋದರೆ ಎಲ್ಲವೂ ಸರಿಯಾಗುವ ಸಾಧ್ಯತೆ ಎಷ್ಟು? ನಾಲ್ಕನ್ನು ನಾಲ್ಕರಿಂದ ಹೀಗೆ 15 ಸಲ ಗುಣಿಸಿ ನೋಡಿ. 107 ಕೋಟಿಗೂ ಹೆಚ್ಚು ಸಲ ಆಡಿದರೆ ಒಮ್ಮೆ! ಓದದವನ ಪಾಲಿಗೆ ಅಲ್ಲಿ ಕೋಟಿ ಇಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ನಾಲ್ಕು ಉತ್ತರಗಳನ್ನು ಕಣ್ಣ ಮುಂದಿಟ್ಟಾಗ ಗುರುತು ಹಿಡಿಯುವುದು ಒಂದು ಶಕ್ತಿ. ಏನೂ ಇಲ್ಲದ ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆಯುವುದು, ಕಾರಣ ಕೊಟ್ಟು ವಿವರಿಸುವುದು ಇನ್ನೊಂದು ಶಕ್ತಿ. ಟಿ.ವಿ. ಮೊದಲನೆಯದನ್ನು ಬೆಳೆಸುತ್ತದೆ, ಶಾಲೆ ಎರಡನೆಯದನ್ನು ಬೆಳೆಸಬೇಕು. ಎರಡನೇ ತೊಂದರೆ ಹಣದ್ದು. ಹೊಸ ಆಟಗಳಲ್ಲಿ ಪ್ರಶ್ನೆ ಒಂದು ಸಾಲು, ಅದರ ಸುತ್ತ ಸಂಗೀತ, ಬೆಳಕು, ಕಣ್ಣೀರು ಹತ್ತು ನಿಮಿಷ. ಉತ್ತರ ತಿಳಿದ ಸಂತೋಷಕ್ಕಿಂತ ಹಣದ ಮೊತ್ತವೇ ನೋಡುವವರ ಮನಸ್ಸಿನಲ್ಲಿ ಉಳಿಯುತ್ತದೆ.

ಬಹುಮಾನವು ಪ್ರಶ್ನೆಯನ್ನು ನುಂಗಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಹಳೆಯ ನಿದರ್ಶನವಿದೆ. 1956ರಲ್ಲಿ ಅಲ್ಲಿ 'ಟ್ವೆಂಟಿ ಒನ್' ಎಂಬ ಕ್ವಿಜ್ ಬಹಳ ಜನಪ್ರಿಯವಾಗಿತ್ತು. ಸತತವಾಗಿ ಗೆಲ್ಲುತ್ತಿದ್ದ ಹರ್ಬ್ ಸ್ಟೆಂಪೆಲ್ ಎಂಬವರಿಗೆ ಬೇಕೆಂದೇ ತಪ್ಪು ಉತ್ತರ ಹೇಳುವಂತೆ ನಿರ್ಮಾಪಕರು ಸೂಚಿಸಿದರು. ಅವರನ್ನು 'ಸೋಲಿಸಿದ' ಚಾರ್ಲ್ಸ್ ವ್ಯಾನ್ ಡೋರೆನ್‌ಗೆ ಉತ್ತರಗಳನ್ನು ಮೊದಲೇ ಕೊಡಲಾಗಿತ್ತು. ವ್ಯಾನ್ ಡೋರೆನ್ ಯಾರು? ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅಧ್ಯಾಪಕ! 1 ಲಕ್ಷ 29 ಸಾವಿರ ಡಾಲರ್ ಗೆದ್ದರು, ದೇಶವೇ ಅವರನ್ನು ಕೊಂಡಾಡಿತು. 1959ರ ನವೆಂಬರ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ಕಲಿಸುವ ಕೆಲಸವೂ ಹೋಯಿತು. ಇಂತಹ ಮೋಸವನ್ನು ಅಪರಾಧವೆಂದು ಸಾರುವ ಕಾನೂನು 1960ರಲ್ಲಿ ಬಂತು. ನಿಜವಾಗಿ ಓದಿಕೊಂಡಿದ್ದ ಮನುಷ್ಯನೇ ಓದಿನ ಸೋಗು ಹಾಕಬೇಕಾಗಿ ಬಂದದ್ದು ಎಂಥ ದುರಂತ!

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ದೇಶದಲ್ಲೇ ಇದೆ. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಉದ್ಯೋಗ ಖಾತರಿ ಯೋಜನೆಯಲ್ಲಿ ಸಣ್ಣ ಸಂಬಳದ ಕಂಪ್ಯೂಟರ್ ಆಪರೇಟರ್ ಆಗಿದ್ದರು. 2011ರಲ್ಲಿ ಅದೇ ಕರೋಡ್‌ಪತಿ ಆಟದಲ್ಲಿ ಪ್ರಾಮಾಣಿಕವಾಗಿ 5 ಕೋಟಿ ರೂಪಾಯಿ ಗೆದ್ದರು. ಆದರೆ ಗೆದ್ದ ನಂತರದ ಕೆಲವು ವರ್ಷಗಳು ತನ್ನ ಬದುಕಿನ ಅತ್ಯಂತ ಕಷ್ಟದ ಕಾಲವಾಗಿದ್ದವು, ನಂಬಿದವರಿಂದ ಮೋಸಹೋದೆ, ಚಟಗಳಿಗೂ ಬಿದ್ದಿದ್ದೆ ಎಂದು 2020ರಲ್ಲಿ ಅವರೇ ಬರೆದರು. ಮುಂದೆ ಅವರು ಮಾಡಿದ್ದೇನು ಗೊತ್ತೇ? ಮತ್ತೆ ಪುಸ್ತಕ ಹಿಡಿದರು. 2023ರಲ್ಲಿ ಬಿಹಾರದ ಶಿಕ್ಷಕರ ನೇಮಕಾತಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಒಬ್ಬ ಅಧ್ಯಾಪಕ ಕ್ವಿಜ್‌ನಿಂದಾಗಿ ತರಗತಿಯನ್ನು ಕಳೆದುಕೊಂಡ. ಇನ್ನೊಬ್ಬರು ಕ್ವಿಜ್‌ನ ಕೋಟಿಗಳನ್ನು ಕಂಡ ಮೇಲೂ ತರಗತಿಯ ಕಡೆಗೇ ನಡೆದರು. ಕೊನೆಗೆ ನಿಂತದ್ದು ಓದು.

ಹಾಗಾದರೆ ಒಳ್ಳೆಯ ಮಾದರಿ ಯಾವುದು? ದೂರ ಹುಡುಕಬೇಕಾಗಿಲ್ಲ. 2002ರ ಜನವರಿಯಲ್ಲಿ ದೂರದರ್ಶನ ಚಂದನದಲ್ಲಿ 'ಥಟ್ ಅಂತ ಹೇಳಿ' ಆರಂಭವಾಯಿತು. ನಡೆಸಿಕೊಟ್ಟವರು ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ. ಅಲ್ಲಿ ಕೋಟಿಯಿಲ್ಲ, ಕಾರಿಲ್ಲ. ಸರಿಯುತ್ತರಕ್ಕೆ ಸಿಗುವ ಬಹುಮಾನ ಕನ್ನಡ ಪುಸ್ತಕ. ಹಣದ ಆಸೆ ತೋರಿಸದಿದ್ದರೆ ಜನ ನೋಡುವುದಿಲ್ಲ ಎಂಬ ಮಾತನ್ನು ಸುಳ್ಳು ಮಾಡಿ ಅದು ಮೂರು ಸಾವಿರಕ್ಕೂ ಹೆಚ್ಚು ಕಂತುಗಳನ್ನು ಕಂಡಿತು. ಹಳೆಯ ಕ್ವಿಜ್‌ನ ಗಾಂಭೀರ್ಯ, ಹೊಸ ಕ್ವಿಜ್‌ನ ತೆರೆದ ಬಾಗಿಲು, ಎರಡೂ ಅಲ್ಲಿ ಕೂಡಿವೆ. ಮುಖ್ಯವಾಗಿ, ಹಣ ಖರ್ಚಾಗಿ ಹೋಗುತ್ತದೆ. ಪುಸ್ತಕ ಗೆದ್ದವನ ಮನೆಯಲ್ಲಿ ತಮ್ಮನೂ ಓದುತ್ತಾನೆ, ತಂಗಿಯೂ ಓದುತ್ತಾಳೆ. ಒಂದು ಉತ್ತರಕ್ಕೆ ಸಿಕ್ಕ ಬಹುಮಾನ ಹತ್ತು ಹೊಸ ಪ್ರಶ್ನೆಗಳನ್ನು ಹುಟ್ಟಿಸುತ್ತದೆ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ನಮ್ಮ ಸ್ಪರ್ಧೆಗಳಲ್ಲಿ ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಕಪ್ಪುಗಳ ಬದಲು ಕನ್ನಡ, ಉರ್ದು ಪುಸ್ತಕಗಳನ್ನು ಕೊಡೋಣ. ವಾರಕ್ಕೊಂದು ಕ್ವಿಜ್ ನಡೆಸೋಣ, ಮಗು ಯಾವ ಭಾಷೆಯಲ್ಲಿ ಯೋಚಿಸುತ್ತದೋ ಆ ಭಾಷೆಯಲ್ಲೇ ಪ್ರಶ್ನೆ ಕೇಳೋಣ. ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸ. ಟಿ.ವಿ. ನೋಡಿ, ಬೇಡವೆನ್ನುವುದಿಲ್ಲ. ಆದರೆ ಪರದೆಯ ಮೇಲೆ ನಾಲ್ಕು ಉತ್ತರ ಬರುವ ಮೊದಲೇ ನಿಮ್ಮ ಉತ್ತರವನ್ನು ಬಾಯಿಬಿಟ್ಟು ಹೇಳಿ. ಗೊತ್ತಾಗದ ಒಂದು ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಮರುದಿನ ಶಾಲೆಯ ಗ್ರಂಥಾಲಯದಲ್ಲಿ ಹುಡುಕಿ. ದಿನಕ್ಕೊಂದರಂತೆ ವರ್ಷಕ್ಕೆ 365 ಪ್ರಶ್ನೆಗಳಾದವು. ಯಾರ ಫೋನಿಗೂ ಕಾಯದೆ ನೀವು ಗೆಲ್ಲಬಹುದಾದ ಸಂಪತ್ತು ಅದು. ಅದನ್ನು ಯಾರೂ ನಿಮ್ಮಿಂದ ಕಸಿದುಕೊಳ್ಳಲಾರರು.