ನದಿಯ ಬಾಯಿಯಲ್ಲಿ ಬೆಳೆದ ಊರು

(ಕಾರವಾರದಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)

ಆಲ್ಪ್ಸ್ ಪರ್ವತಗಳ ನಡುವೆ ಇನ್ಸ್‌ಬ್ರುಕ್ ಎಂಬ ನಗರವಿದೆ. ಇನ್ ನದಿಯ ಸೇತುವೆ ಎಂಬುದೇ ಆ ಹೆಸರಿನ ಅರ್ಥ. ಹನ್ನೆರಡನೆಯ ಶತಮಾನದಲ್ಲಿ ಸೇತುವೆಯ ಬಳಿ ಕೂಡಿದ ಸಂತೆ ಮುಂದೆ ನಗರವಾಯಿತು. ನಮ್ಮ ಕಾಳಿಗೆ ಅಂಥ ಸೇತುವೆ ಇರಲಿಲ್ಲ; ಇದ್ದದ್ದು ದೋಣಿ. ಆದರೂ ಊರು ಹುಟ್ಟಿತು. ಹೇಗೆ?

ಉತ್ತರ ಘಟ್ಟದಲ್ಲಿದೆ. ಘಟ್ಟದ ಮೇಲಿನ ಮೆಣಸು, ಹುಬ್ಬಳ್ಳಿ ಸೀಮೆಯ ಬಟ್ಟೆ ಎತ್ತುಗಳ ಮೇಲೆ ಇಳಿಯುತ್ತಿದ್ದವು. ಕದ್ರಾದವರೆಗೆ ದೋಣಿ ಸಾಗುತ್ತಿತ್ತು. ನದಿಯ ಬಾಯಿಯಲ್ಲಿ ಹಡಗು ಕಾದಿರುತ್ತಿತ್ತು. ಹಾಗಾಗಿ ಬನವಾಸಿಯ ಕದಂಬರಿಂದ ವಿಜಯನಗರದವರೆಗೆ ಈ ಕರಾವಳಿಯ ಮೇಲೆ ಎಲ್ಲರಿಗೂ ಕಣ್ಣು.

ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ತುಗೀಜ ಬರಹಗಾರ ಬಾರ್ಬೊಸ ಇಲ್ಲಿಯ ನದಿಯನ್ನು 'ಅಲಿಗ' ಎಂದೂ, ಬೆಟ್ಟದ ಕೋಟೆಯನ್ನು 'ಸಿಂಟಾಕೋರ' ಎಂದೂ ಕರೆದ. ಅದೇ ನಮ್ಮ ಚಿತ್ತಾಕುಲ. ದಖನ್ನಿನ ಸುಲ್ತಾನರ ಸೀಮೆಗೂ ವಿಜಯನಗರದ ಸೀಮೆಗೂ ಈ ನದಿಯೇ ಗಡಿ. 1510ರಲ್ಲಿ ಪೋರ್ತುಗೀಜರು ಗೋವೆಗೆ ದಂಡೆತ್ತಿದಾಗ ಅವರಿಗೆ ನೆರವಾದ ತಿಮ್ಮೋಜನ ಜನ ಮೊದಲು ಈ ಕೋಟೆಯ ಮೇಲೆ ಬಿದ್ದರು. ಮುಂದೆ ಅದೇ ದಡದಲ್ಲಿ ಸೋದೆಯ ಬಸವಲಿಂಗ ಅರಸ ತಂದೆಯ ಹೆಸರಿನಲ್ಲಿ ಸದಾಶಿವಗಡವನ್ನು ಕಟ್ಟಿಸಿದ. 1752ರಲ್ಲಿ ಅದು ಪೋರ್ತುಗೀಜರ ಕೈಸೇರಿತು.

ಇಂದು ನಾವು ಕುಳಿತಿರುವ ಕಾರವಾರಕ್ಕೆ ಅಷ್ಟು ವಯಸ್ಸಿಲ್ಲ. 1638ರಲ್ಲಿ ಇಂಗ್ಲಿಷ್ ವರ್ತಕರು ಕೋಠಿ ತೆರೆದದ್ದು, 1665ರಲ್ಲಿ ಶಿವಾಜಿ ಕಪ್ಪ ಪಡೆದದ್ದು ಒಳಗಿನ ಹಳೆಯ ಕಾರವಾರದಲ್ಲಿ. ಕಡವಾಡದ ಹೆಸರಿನಿಂದಲೇ 'ಕಾರವಾರ' ಬಂತು ಎನ್ನುವುದುಂಟು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, ಮೀನುಗಾರರ ಹಳ್ಳಿಯಾಗಿದ್ದ ಈ ತೀರ ಪಟ್ಟಣವಾಯಿತು.

ಈ ಕಥೆ ಇಂದಿಗೇಕೆ? 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಗಂಗಾವಳಿಗೆ ಕುಸಿದು ಜೀವಗಳು ಹೋದವು. ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆ, ನಾಲ್ಕು ದಶಕ ನಿಂತದ್ದು, ನದಿಗೆ ಬಿತ್ತು. ಸದಾಶಿವಗಡದ ಗುಡ್ಡವನ್ನೂ ಹೆದ್ದಾರಿ ಸೀಳಿದೆ. ಕೋಟೆ ಕಟ್ಟಿದವನಿಗೂ ದೋಣಿ ನಡೆಸಿದವನಿಗೂ ಗುಡ್ಡ ಎಲ್ಲಿ ನಿಲ್ಲುತ್ತದೆ, ನದಿ ಎಲ್ಲಿ ತಿರುಗುತ್ತದೆ ಎಂಬುದು ಗೊತ್ತಿರಬೇಕಾಗಿತ್ತು. ಬದುಕು ಅದರ ಮೇಲೆ ನಿಂತಿತ್ತು. ನಾವು ಆ ತಿಳಿವಳಿಕೆಯನ್ನು ಹಳೆಯದೆಂದು ಬದಿಗಿಟ್ಟೆವು.

ನಿಮ್ಮ ಮನೆಯ ಹಿರಿಯರನ್ನು ಕೇಳಿ: ದೋಣಿ ಎಲ್ಲಿ ತಾಗುತ್ತಿತ್ತು, ನೆರೆ ಎಲ್ಲಿಯವರೆಗೆ ಬಂದಿತ್ತು, ಆ ಜಾಗಕ್ಕೆ ಏನು ಹೆಸರು? ಬರೆದಿಡಿ. ಇತಿಹಾಸವೆಂದರೆ ಅರಸರ ಪಟ್ಟಿಯಷ್ಟೇ ಅಲ್ಲ. ನದಿಯ ಜೊತೆ ಬಾಳಿದವರ ಲೆಕ್ಕವೂ ಹೌದು.