ತಕ್ಕಡಿಯ ಮೇಲೆ ನಿಲ್ಲಲು ತಕ್ಕ ಹೊತ್ತು
(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡಿಗರು ಸೇರಿದ ಕಡೆ ನಾಡಿನ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ನಮ್ಮ ಪಾಲಿಗೆ ಬಂದಿರುವುದು ಮೈಯ ಭಾರದ ವಿಷಯ. ಕಾರ್ಯದರ್ಶಿಗಳು ಇದನ್ನು ನಮಗೇ ಏಕೆ ಒಪ್ಪಿಸಿದರೆಂಬುದು ನಮ್ಮನ್ನು ಕಂಡವರಿಗೆ ತಿಳಿಯದಿರಲಾರದು. ನಾವು ವೈದ್ಯರಲ್ಲ. ತೂಕ ಇಳಿಸಲು ಹೊರಟು ಒಮ್ಮೆ ಸೋತು, ಎರಡನೆಯ ಸಲ ಅಷ್ಟಿಷ್ಟು ಗೆದ್ದವರು. ಮೊದಲ ಸಲದ ಸೋಲಿಗೆ ಅನ್ನದ ಆಸೆಗಿಂತ ದೊಡ್ಡ ಕಾರಣ, ತೂಕದ ಯಂತ್ರದ ಮೇಲೆ ನಿಲ್ಲಬಾರದ ಹೊತ್ತಿನಲ್ಲಿ ನಿಂತದ್ದು. ಆ ಮಾತನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ.

ಈ ನಗರಕ್ಕೆ ಬಹಳ ಹಿಂದೆ ಬಂದವರಿಗೆ ರೈಲು ನಿಲ್ದಾಣದ ತೂಕದ ಯಂತ್ರ ನೆನಪಿದ್ದೀತು. ಬಣ್ಣದ ದೀಪಗಳು ಮಿಣುಕುತ್ತಿದ್ದ ಆ ಯಂತ್ರದೊಳಗೆ ನಾಣ್ಯ ಹಾಕಿದರೆ ಗಟ್ಟಿ ಕಾಗದದ ಚಿಕ್ಕ ಚೀಟಿಯೊಂದು ಕೆಳಗೆ ಬೀಳುತ್ತಿತ್ತು. ಅದರಲ್ಲಿ ನಮ್ಮ ತೂಕ. ಜೊತೆಗೆ ನಮ್ಮ ಭವಿಷ್ಯದ ಒಂದು ಸಾಲು. ಚಾಳಿನ ಒಂದೇ ಖೋಲಿಯಲ್ಲಿ ಆರು ಜನ ಮಲಗುತ್ತಿದ್ದ ಆ ದಿನಗಳಲ್ಲಿ, ತೂಕ ಎರಡು ಕಿಲೋ ಏರಿತೆಂದು ಅಂಥ ಚೀಟಿಯೊಂದನ್ನು ನಾವು ಊರಿನಲ್ಲಿದ್ದ ತಾಯಿಗೆ ಟಪಾಲಿನಲ್ಲಿ ಕಳುಹಿಸಿದ್ದೆವು. ಮಗನಿಗೆ ಹೊಟ್ಟೆ ತುಂಬ ಊಟ ಸಿಗುತ್ತಿದೆ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಂದು ತೂಕ ಏರುವುದು ಶುಭವಾರ್ತೆಯಾಗಿತ್ತು.

ಕಾಲ ತಿರುಗಿತು. ಬೆಳಗಿನ ಲೋಕಲ್ ಗಾಡಿ, ಇಡೀ ದಿನ ಕುರ್ಚಿ, ಸಂಜೆ ನಿಲ್ದಾಣದ ಹೊರಗೆ ವಡಾ ಪಾವ್, ರಾತ್ರಿ ಹತ್ತಕ್ಕೆ ಊಟ. ಹೀಗೆ ಇಪ್ಪತ್ತು ವರ್ಷ. ನಾವು ನೋಡಲು ಅಷ್ಟೇನೂ ದಪ್ಪಗಿಲ್ಲವಲ್ಲ ಎಂದು ಸಮಾಧಾನಪಡುವವರು ಒಂದು ಸಂಗತಿ ಕೇಳಬೇಕು. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ, ಅಂದರೆ ಬಿ.ಎಂ.ಐ.ಯಲ್ಲಿ, ಇಬ್ಬರದೂ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ಇಂಥ ಕಾರಣದಿಂದಲೇ ನಮ್ಮ ದೇಶದ ವೈದ್ಯರು ಬಿ.ಎಂ.ಐ. 23 ದಾಟಿದರೆ ಎಚ್ಚರಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎನ್ನುತ್ತಾರೆ. ಆದ್ದರಿಂದ ತಕ್ಕಡಿಯ ಜೊತೆಗೆ ಒಂದು ಅಳತೆಯ ಟೇಪೂ ಮನೆಯಲ್ಲಿರಲಿ.

ಈಗ ನಮ್ಮ ಸೋಲಿನ ಕಥೆ. ರಕ್ತದ ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಿರಿ ಎಂದು ವೈದ್ಯರು ಹೇಳಿದರು. ಯಂತ್ರ ಕೊಂಡು ತಂದೆವು. ಮಂಚದ ಕೆಳಗೆ ಇಟ್ಟೆವು. ಬೆಳಿಗ್ಗೆ ಎದ್ದು ಒಂದು ಸಲ, ಕೆಲಸದಿಂದ ಬಂದು ಒಂದು ಸಲ, ಊಟವಾದ ಮೇಲೆ ಇನ್ನೊಂದು ಸಲ ಅದರ ಮೇಲೆ ನಿಂತೆವು. ಮೂರನೆಯ ರಾತ್ರಿ, ಅನ್ನ ಅರ್ಧ ಮಾಡಿದ್ದರೂ, ತೂಕ ಬೆಳಗಿನದಕ್ಕಿಂತ ಒಂದು ಕಿಲೋ ಹೆಚ್ಚು! ಉಪವಾಸಕ್ಕೆ ಇದೇ ಫಲವಾದರೆ ಉಣ್ಣದೆ ಏಕಿರಬೇಕು ಎಂದು ಮುನಿದೆವು. ಹನ್ನೆರಡನೆಯ ದಿನ ಯಂತ್ರ ಮಂಚದ ಕೆಳಗೆ ಹೋದದ್ದು ಮತ್ತೆ ಹೊರಬರಲಿಲ್ಲ. ಒಂದೂವರೆ ವರ್ಷದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿ ದಾಟಿತ್ತು. ಅಂದಿನಿಂದ ದಿನವೂ ಮಾತ್ರೆ. ಆ ಒಂದೂವರೆ ವರ್ಷವನ್ನು ನಮಗೆ ಯಾರು ಹಿಂದಿರುಗಿಸಿಯಾರು?

ಯಂತ್ರ ಸುಳ್ಳು ಹೇಳಿರಲಿಲ್ಲ. ನಾವು ಅದರ ಮಾತನ್ನು ತಪ್ಪಾಗಿ ತಿಳಿದಿದ್ದೆವು. ಒಂದು ಲೀಟರ್ ನೀರು ಕುಡಿದರೆ ಒಂದು ಕಿಲೋ ಏರುತ್ತದೆ. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ಮೈ ನೀರನ್ನು ಹಿಡಿದಿಡುತ್ತದೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಪಿಷ್ಟದ ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರ ತೂಕ ಸರ್ರನೆ ಇಳಿಯುವುದೂ, ಒಂದು ಮದುವೆಯೂಟಕ್ಕೆ ಮತ್ತೆ ಏರುವುದೂ ಬಹುಪಾಲು ಈ ನೀರಿನ ಆಟವೇ. ಹೆಂಗಸರಲ್ಲಿ ತಿಂಗಳ ದಿನಗಳಿಗೆ ಅನುಸಾರವಾಗಿಯೂ ಏರಿಳಿತವುಂಟು. ವಾರಕ್ಕೆ ಅರ್ಧ ಕಿಲೋ ಇಳಿಯುವುದು ಒಳ್ಳೆಯ ನಡೆ. ಅಂದರೆ ದಿನಕ್ಕೆ ಎಪ್ಪತ್ತು ಗ್ರಾಂ. ಒಂದೇ ದಿನದಲ್ಲಿ ಒಂದೆರಡು ಕಿಲೋ ಹೊಯ್ದಾಡುವ ಮೈಯಲ್ಲಿ ಈ ಎಪ್ಪತ್ತು ಗ್ರಾಂ ಎಲ್ಲಿ ಕಂಡೀತು? ಚೌಪಾಟಿಯಲ್ಲಿ ನಿಂತು ಒಂದು ಅಲೆಯನ್ನು ನೋಡಿದವನಿಗೆ ಸಮುದ್ರ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದು. ಒಂದೆರಡು ತಾಸು ಕಳೆದು ನೋಡಿದರೆ ಮರಳೇ ಹೇಳುತ್ತದೆ.

ಹಾಗಾದರೆ ಯಾವಾಗ ನಿಲ್ಲಬೇಕು? ಮೊದಲನೆಯ ಸಲ, ಪಥ್ಯ ತೊಡಗುವ ಮುನ್ನ. ದೀಪಾವಳಿ ಕಳೆಯಲಿ, ಸಂಕ್ರಾಂತಿ ಕಳೆಯಲಿ ಎಂದರೆ ನಮ್ಮ ಪಂಚಾಂಗದಲ್ಲಿ ಹಬ್ಬಕ್ಕೆ ಕೊನೆಯೇ ಇಲ್ಲ. ಎಷ್ಟೇ ನಾಚಿಕೆಯಾಗಲಿ, ಆ ಸಂಖ್ಯೆಯನ್ನು ಬರೆದಿಡಿರಿ. ಹೊರಟ ಊರು ಯಾವುದೆಂದು ತಿಳಿಯದೆ ನಡೆದ ದಾರಿಯನ್ನು ಅಳೆಯಲಾಗದು. ಆಮೇಲೆ ವಾರಕ್ಕೆ ಒಂದು ಸಲ ಸಾಕು. ಅದೇ ವಾರ, ಅದೇ ಹೊತ್ತು. ಬೆಳಿಗ್ಗೆ ಶೌಚ ಮುಗಿಸಿ, ಚಹಾಕ್ಕೆ ಮೊದಲು, ತೆಳು ಬಟ್ಟೆಯಲ್ಲಿ. ಯಂತ್ರ ಚಾಪೆಯ ಮೇಲಿರದೆ ಗಟ್ಟಿ ನೆಲದ ಮೇಲಿರಲಿ. ಭಾನುವಾರದ ಔತಣ ಮೈಯಲ್ಲಿರುವ ಸೋಮವಾರಕ್ಕಿಂತ ವಾರದ ನಡುವಿನ ದಿನ ಮೇಲು. ಹಬ್ಬದ ಮರುದಿನ, ರಾತ್ರಿ ಪ್ರಯಾಣ ಮಾಡಿ ಊರಿನಿಂದ ಬಂದ ದಿನ, ಜ್ವರದ ದಿನ ಬೇಡ. ನಾಲ್ಕು ವಾರ ಕಳೆಯುವ ತನಕ ತೀರ್ಪು ಕೊಡಬೇಡಿರಿ.

ದಿನವೂ ನಿಂತು ವಾರದ ಸರಾಸರಿ ತೆಗೆಯುವ ಗಟ್ಟಿ ಮನಸ್ಸಿನವರು ಹಾಗೆಯೇ ಮಾಡಲಿ. ಯಂತ್ರವನ್ನು ಪೂರ್ತಿ ಮರೆಯುವುದೂ ಸರಿಯಲ್ಲ. ಅಮೆರಿಕದಲ್ಲಿ 13 ಕಿಲೋಗಿಂತ ಹೆಚ್ಚು ಇಳಿಸಿ, ವರ್ಷವಾದರೂ ಅದನ್ನು ಉಳಿಸಿಕೊಂಡವರ ದಾಖಲೆಯೊಂದನ್ನು 1994ರಿಂದ ಇಡುತ್ತ ಬಂದಿದ್ದಾರೆ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ವಾರಕ್ಕೊಮ್ಮೆಯಾದರೂ ತೂಗಿಕೊಳ್ಳುವವರೇ.

ಕೆಲವು ಎಚ್ಚರಿಕೆಗಳುಂಟು. ಸಕ್ಕರೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಇಳಿಸಬಾರದು. ಗರ್ಭಿಣಿಯರಿಗೆ ಈ ಮಾತುಗಳು ಸಲ್ಲವು. ಬೆಳೆಯುವ ಮಕ್ಕಳನ್ನು ನೆಂಟರ ಮುಂದೆ ತೂಗಿ ನಗಬೇಡಿರಿ. ಸಂಖ್ಯೆ ಕಂಡರೆ ಊಟವನ್ನೇ ಬಿಡುವಷ್ಟು ಮನಸ್ಸು ಕದಡುವವರು ಯಂತ್ರವನ್ನು ದೂರವಿಟ್ಟು ವೈದ್ಯರೊಡನೆ ಮಾತನಾಡಲಿ. ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಹಿಗ್ಗಬೇಡಿರಿ. ತಡಮಾಡದೆ ಪರೀಕ್ಷೆ ಮಾಡಿಸಿರಿ.

ಎರಡನೆಯ ಸಲ ನಾವು ಗುರುವಾರವನ್ನು ಆರಿಸಿಕೊಂಡೆವು. ಗೋಡೆಯ ಕ್ಯಾಲೆಂಡರಿನ ಮೇಲೆ ಸೀಸದ ಕಡ್ಡಿಯಿಂದ ಬರೆಯುವ ಕೆಲಸ ನಮ್ಮ ಮನೆಯವರದು. ಮೊದಲ ವಾರ ಇಳಿಯಿತು, ಎರಡನೆಯ ವಾರ ಏರಿತು, ಮೂರನೆಯ ವಾರ ಅಲ್ಲಿಯೇ ನಿಂತಿತು. ನಮ್ಮ ಮುಖ ನೋಡಿ ಆಕೆ, “ನಾಲ್ಕನೆಯ ಗುರುವಾರದವರೆಗೆ ನೀವು ಮಾತಾಡಬಾರದು” ಎಂದಳು. ಮಾತಾಡಲಿಲ್ಲ. ಎಂಟು ತಿಂಗಳಲ್ಲಿ 82 ಕಿಲೋ 77ಕ್ಕೆ ಬಂತು. ಅದ್ಭುತವೇನಲ್ಲ, ಆದರೆ ಶೇಕಡಾ ಐದರಷ್ಟು ಇಳಿದರೂ ಸಕ್ಕರೆಗೆ, ರಕ್ತದ ಒತ್ತಡಕ್ಕೆ ಒಳಿತೆಂದು ವೈದ್ಯರು ಹೇಳುತ್ತಾರೆ. ನಮ್ಮ ಮಾತ್ರೆ ನಿಂತಿಲ್ಲ, ಹೆಚ್ಚಿಯೂ ಇಲ್ಲ. ದಾದರಿನ ಸೇತುವೆಯನ್ನು ಈಗ ನಡುವೆ ನಿಲ್ಲದೆ ಹತ್ತುತ್ತೇವೆ.

ಅಂದು ಊರಿಗೆ ಚೀಟಿ ಕಳುಹಿಸಿದ ಮಗನ ಹೊಟ್ಟೆ ತುಂಬಲೆಂದು ತಾಯಿ ಹರಸಿದ್ದರು. ಇಂದು ಅವರಿದ್ದರೆ ಆ ಮಗ ಬಹುಕಾಲ ಬಾಳಲೆಂದು ಹರಸುತ್ತಿದ್ದರು. ಎರಡೂ ಒಂದೇ ಹಾರೈಕೆ.

ಕೆಳಗೆ ಎಲೆ ಹಾಕಿದ್ದಾರೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಹೋಳಿಗೆಯಿದೆಯಂತೆ. ಸಂತೋಷದಿಂದ ಉಣ್ಣಿರಿ, ಆದರೆ ಈ ರಾತ್ರಿ ತೂಗಿಕೊಳ್ಳಬೇಡಿರಿ, ನಾಳೆಯೂ ಬೇಡ. ಎರಡು ದಿನ ಕಳೆದು, ಚಹಾಕ್ಕೆ ಮೊದಲು ನಿಂತು, ಕಂಡದ್ದನ್ನು ಬರೆದಿಡಿರಿ.