ಹಳ್ಳಿಯ ಬಸ್ಸು, ನಾಡಿನ ರೈಲು
(ಪೆರಾಬೆಯ ಸುತ್ತಣ ಸಂಚಾರ ಸೌಕರ್ಯವನ್ನು ಕುರಿತ ಭಾಷಣ)



ನಾಡು, ನುಡಿ, ಏಕೀಕರಣ ಎಂಬ ದೊಡ್ಡ ಮಾತುಗಳನ್ನು ಕೇಳಿ ಬಳಕೆಯಾದ ಸಭೆಗೆ ಬಸ್ಸು ರೈಲುಗಳ ಮಾತು ತೀರ ಸಣ್ಣದಾಗಿ ತೋರಬಹುದು. ಆದರೂ ಈ ಸಣ್ಣ ಮಾತನ್ನೇ ಇಂದು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಭೂಪಟದ ಮೇಲೆ ಗೆರೆಯನ್ನು ತಿದ್ದಿದ ಮಾತ್ರಕ್ಕೆ ನಾಡು ಒಂದಾಯಿತೆಂದು ಹೇಳಲಾಗದು. ಆ ನಾಡಿನ ಸಾಮಾನ್ಯ ಪ್ರಜೆಯೊಬ್ಬನು ಬೆಳಗ್ಗೆ ಮನೆ ಬಿಟ್ಟು, ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ತನ್ನ ಕೆಲಸವನ್ನು ತೀರಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮರಳಿ ಮನೆ ಸೇರಬಲ್ಲನೋ ಇಲ್ಲವೋ ಎಂಬುದೇ ಆ ಒಗ್ಗಟ್ಟಿನ ನಿಜವಾದ ಪರೀಕ್ಷೆ. ಆ ಪರೀಕ್ಷೆಯನ್ನು ಪೆರಾಬೆ ಎಂಬ ಒಂದು ಗ್ರಾಮದ ಮಟ್ಟಿಗೆ ಮಾಡಿ ನೋಡೋಣ.

ಪೆರಾಬೆಯು ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು, ಈಚೆಗೆ ಹೊಸದಾಗಿ ಆದ ಕಡಬ ತಾಲೂಕಿಗೆ ಸೇರಿದ ಗ್ರಾಮ. ಆಲಂಕಾರು, ಕುಂತೂರು, ರಾಮಕುಂಜ, ಕೊಯಿಲ ಇವೆಲ್ಲ ಅದರ ನೆರೆಹೊರೆ. ಘಟ್ಟದ ಮೇಲಣ ಮಿತ್ರರು ಹಳ್ಳಿಯೆಂದರೆ ಮನೆಗೆ ಮನೆ ತಾಗಿಕೊಂಡ ಬೀದಿಗಳನ್ನು ನೆನೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಗುಡ್ಡಕ್ಕೊಂದು ಮನೆ, ಬಯಲಿಗೊಂದು ಮನೆ. ನಡುವೆ ಅಡಕೆಯ ತೋಟ, ತೋಡು, ತೋಡಿಗೆ ಅಡಕೆಮರದ ಕಾಲುಸಂಕ. ಆದುದರಿಂದ ಬಸ್ಸು 'ಊರಿಗೆ ಬಂತು' ಎಂದರೆ ಮನೆಗೆ ಬಂತೆಂದು ಅರ್ಥವಲ್ಲ. ಬಸ್ಸು ನಿಲ್ಲುವ ಕವಲುದಾರಿಯಿಂದ ಮನೆಯಂಗಳದವರೆಗೆ ಒಂದು ಗುಡ್ಡ ಏರಿ ಇನ್ನೊಂದನ್ನು ಇಳಿಯಬೇಕಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ, ಕೊಡೆ ಹಿಡಿದ ಮಗುವೊಂದು ಪುಸ್ತಕದ ಚೀಲವನ್ನು ನೆನೆಯಗೊಡದೆ ಆ ದಾರಿಯನ್ನು ನಡೆಯುವುದೆಂದರೆ ಏನೆಂಬುದನ್ನು ಇಲ್ಲಿ ಕುಳಿತಿರುವ ಉಪಾಧ್ಯಾಯ ಬಂಧುಗಳಿಗೆ ನಾನು ವಿವರಿಸಬೇಕಾಗಿಲ್ಲ. ಈ ದೇಶದ ಸಂಚಾರದ ವಿಷಯವಾಗಿ ಯೋಜನೆ ಮಾಡುವವರು ಮೊದಲು ಅರಿಯತಕ್ಕ ಸಂಗತಿ ಇದು.

ಇನ್ನು ಸ್ವಲ್ಪ ಹಿಂದಣ ಕಥೆ. ಮೋಟಾರು ಬರುವ ಮೊದಲು ಈ ಸೀಮೆಯ ಹೆದ್ದಾರಿಯೆಂದರೆ ನೇತ್ರಾವತಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಪಡುವಲಿಗೆ ಹರಿಯುವ ಆ ಹೊಳೆಯಲ್ಲಿ, ಬಂಟವಾಳ ಪಾಣೆಮಂಗಳೂರುಗಳಿಂದ ಮಂಗಳೂರಿಗೆ ದೋಣಿಗಳ ಮೇಲೆ ಸರಕು ಸಾಗುತ್ತಿತ್ತು. ಒಳನಾಡಿನವರು ತಲೆಹೊರೆ, ಎತ್ತಿನ ಗಾಡಿಗಳ ಮೇಲೆ ತಮ್ಮ ಅಡಕೆ, ಮೆಣಸು, ಅಕ್ಕಿಗಳನ್ನು ಅಲ್ಲಿಗೆ ಮುಟ್ಟಿಸುತ್ತಿದ್ದರು. ಮುಂದೆ ರಸ್ತೆಗಳಾದುವು. ಸಿ.ಪಿ.ಸಿ., ಶಂಕರವಿಠಲ, ಹನುಮಾನ್ ಎಂಬ ಖಾಸಗಿ ಕಂಪನಿಗಳ ಹೆಸರುಗಳು ಈ ಜಿಲ್ಲೆಯಲ್ಲಿ ಮೋಟಾರು ಬಸ್ಸಿಗೆ ಪರ್ಯಾಯ ಪದಗಳೇ ಆಗಿಹೋದುವು.

ರೈಲಿನ ಕಥೆ ಬೇರೆ. ಕಣ್ಣೂರು, ಕಾಸರಗೋಡುಗಳ ಮೂಲಕ ಹಳಿಯು ನೇತ್ರಾವತಿಯನ್ನು ದಾಟಿ ಮಂಗಳೂರನ್ನು ಮುಟ್ಟಿದುದು ೧೯೦೭ರಲ್ಲಿ. ಆಗ ಈ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಹಳಿಯೂ ಮದರಾಸಿನ ಕಡೆಗೇ ಮುಖ ಮಾಡಿತ್ತು. ಮಂಗಳೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕೆನ್ನುವವನು ತೆಂಕಣಕ್ಕೆ ಇಳಿದು, ಷೊರನೂರು, ಪೋದನೂರು, ಜೋಲಾರಪೇಟೆಗಳನ್ನು ಬಳಸಿ, ಮಲೆಯಾಳ ದೇಶವನ್ನೂ ತಮಿಳು ದೇಶವನ್ನೂ ಕಂಡು ಕನ್ನಡ ದೇಶಕ್ಕೆ ಮರಳಬೇಕಾಗಿತ್ತು! ೧೯೨೭ರಲ್ಲಿ ಮಂಗಳೂರಿನಲ್ಲಿ ಸಾಹಿತ್ಯ ಸಮ್ಮೇಳನವು ಸೇರಿದಾಗಲೂ ಕನ್ನಡಿಗರ ಎರಡು ನೆಲೆಗಳ ನಡುವೆ ನೇರವಾದ ಹಳಿ ಇರಲಿಲ್ಲ. ಘಟ್ಟವು ನಮ್ಮನ್ನು ಅಗಲಿಸಿತೆಂದು ಕವಿಗಳು ಹೇಳಬಹುದು; ಘಟ್ಟಕ್ಕಿಂತ ಹೆಚ್ಚಾಗಿ ನಮ್ಮನ್ನು ಅಗಲಿಸಿದುದು ಆಡಳಿತದ ಗಡಿ. ಪ್ರಾಂತ ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ಹಳಿಯ ಹಂಬಲವೂ ಮುಗಿಯುತ್ತಿತ್ತು.

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯದೊಡನೆ ಒಂದಾಯಿತು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಗಡಿಯನ್ನು ಅಳಿಸಲು ಒಂದು ದಿನ ಸಾಕಾಯಿತು. ಹಾಸನದಿಂದ ಮಂಗಳೂರಿಗೆ ರೈಲು ಹಳಿ ಪೂರ್ಣವಾಗಲು ಮಾತ್ರ ೧೯೭೯ನೆಯ ಇಸವಿಯವರೆಗೆ ಕಾಯಬೇಕಾಯಿತು. ಮಂಗಳೂರಿಗೆ ಮೊದಲ ರೈಲು ಬಂದು ೭೨ ವರ್ಷ, ನಾಡು ಒಂದಾಗಿ ೨೩ ವರ್ಷ ಕಳೆದಿದ್ದುವು. ಕಷ್ಟ ಸಾಮಾನ್ಯದ್ದಲ್ಲವೆಂಬುದನ್ನೂ ಒಪ್ಪಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು ೫೫ ಕಿಲೋಮೀಟರು ದಾರಿಯಲ್ಲಿ ೫೭ ಸುರಂಗಗಳಿವೆ. ಐವತ್ತು ಅಡಿ ನಡೆದರೆ ಒಂದು ಅಡಿ ಇಳಿಯುವಂಥ ಇಳಿಜಾರು ಅದು. ಹಾಗೆ ಕಟ್ಟಿದ ಮೀಟರ್‌ಗೇಜ್ ಹಳಿಯನ್ನು ಬ್ರಾಡ್‌ಗೇಜ್‌ಗೆ ಬದಲಿಸಲೆಂದು ೧೯೯೦ರ ದಶಕದ ನಡುವೆ ಮುಚ್ಚಿದರು; ಬೆಂಗಳೂರು–ಮಂಗಳೂರು ನಡುವೆ ಪ್ರಯಾಣಿಕರ ಗಾಡಿ ಮತ್ತೆ ಓಡಿದುದು ೨೦೦೭ರ ಡಿಸೆಂಬರಿನಲ್ಲಿ. ಹತ್ತು ವರ್ಷಕ್ಕೂ ಮಿಕ್ಕ ಆ ಅವಧಿಯಲ್ಲಿ ಶಿರಾಡಿ, ಸಂಪಾಜೆ, ಚಾರ್ಮಾಡಿ ಘಾಟಿಗಳ ಮೂಲಕ ಈ ಸೀಮೆಯನ್ನು ಮೇಲ್ನಾಡಿಗೆ ಕಟ್ಟಿಹಿಡಿದುದು ಬಸ್ಸು. ೨೦೧೮ರ ಆಗಸ್ಟಿನಲ್ಲಿಯೂ ೨೦೨೪ರ ಜುಲಾಯಿಯಲ್ಲಿಯೂ ಘಟ್ಟದ ಮಣ್ಣು ಜರಿದು ಹಳಿಯ ಸಂಚಾರ ನಿಂತುಹೋದುದನ್ನು ತಾವೆಲ್ಲ ಬಲ್ಲಿರಿ.

ಈಗ ಇಂದಿನ ಸ್ಥಿತಿಗೆ ಬರೋಣ. ನಮ್ಮ ಸೀಮೆಯ ಹಳಿಯ ಮೇಲೆ ಕಬಕ ಪುತ್ತೂರು, ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳ, ಸುಬ್ರಹ್ಮಣ್ಯ ರೋಡ್ ಎಂಬ ನಿಲ್ದಾಣಗಳಿವೆ. ಈ ಕೊನೆಯ ಹೆಸರನ್ನು ತುಸು ಯೋಚಿಸಿ ನೋಡಿರಿ. ನಿಲ್ದಾಣವು ತನ್ನನ್ನು 'ರೋಡ್' ಎಂದು ಕರೆದುಕೊಂಡರೆ, 'ನೀನು ಅರಸುವ ಊರು ಇಲ್ಲಿಲ್ಲ, ಅದಕ್ಕೆ ಹೋಗುವ ರಸ್ತೆ ಇಲ್ಲಿದೆ' ಎಂದು ಪ್ರಾಮಾಣಿಕವಾಗಿ ಹೇಳಿದಂತೆಯೇ. ನಿಲ್ದಾಣ ಇರುವುದು ನೆಟ್ಟಣದಲ್ಲಿ. ಕುಕ್ಕೆಯ ಕ್ಷೇತ್ರಕ್ಕೆ ಅಲ್ಲಿಂದ ಇನ್ನೂ ಹತ್ತು ಹನ್ನೆರಡು ಕಿಲೋಮೀಟರು ಹೋಗಬೇಕು. ಹೆಸರಿನಲ್ಲಿ 'ರೋಡ್' ಇಲ್ಲದ ಉಳಿದ ಸಣ್ಣ ನಿಲ್ದಾಣಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ರೈಲು ಇಳಿದವನ ಪ್ರಯಾಣ ಅಲ್ಲಿ ಮುಗಿಯುವುದಿಲ್ಲ, ಅಲ್ಲಿಂದ ಕಷ್ಟವಾಗುತ್ತದೆ. ಎಕ್ಸ್‌ಪ್ರೆಸ್ ಗಾಡಿಗಳು ಈ ಸಣ್ಣ ನಿಲ್ದಾಣಗಳನ್ನು ಕಂಡೂ ಕಾಣದಂತೆ ಓಡುತ್ತವೆ. ಮಂಗಳೂರು–ಪುತ್ತೂರು ನಡುವಣ ಪ್ಯಾಸೆಂಜರ್ ಗಾಡಿಯನ್ನು ಸುಬ್ರಹ್ಮಣ್ಯ ರೋಡ್‌ವರೆಗೆ ಒಯ್ಯಬೇಕೆಂಬ ಬಹುಕಾಲದ ಕೂಗು ಈಡೇರಿದುದು ೨೦೨೫ರ ಏಪ್ರಿಲಿನಲ್ಲಿ. ಒಳ್ಳೆಯ ಕೆಲಸ, ಅದಕ್ಕಾಗಿ ದುಡಿದವರನ್ನು ಅಭಿನಂದಿಸೋಣ.

ಆದರೆ ಪೆರಾಬೆಯವನಿಗೆ ಆ ರೈಲಿನಿಂದ ಏನಾಯಿತು? ಕಾಣಿಯೂರಿನ ಕಡೆಯ ಹಳಿಯು ಕುಮಾರಧಾರೆಯ ಆಚೆಯ ದಡದಲ್ಲಿದೆ. ಪೆರಾಬೆ ಈಚೆಯ ದಡದಲ್ಲಿದೆ. ಹಿಂದೆ ಶಾಂತಿಮೊಗರಿನಲ್ಲಿ ದೋಣಿಯೇ ಗತಿ. ಮಳೆಗಾಲದ ಕೆಂಪು ನೀರನ್ನು ಕಂಡವನು ದೋಣಿಯ ಆಸೆಯನ್ನು ಬಿಟ್ಟು, ಉಪ್ಪಿನಂಗಡಿಯ ಮೇಲೆ ಸುತ್ತಿ ಪುತ್ತೂರಿಗೆ ಹೋಗುತ್ತಿದ್ದನು. ಕಡಬದ ಕಡೆಗೆ ಹೋಗುವವನಿಗೆ ಹೊಸ್ಮಠದ ಹಳೆಯ ಮುಳುಗುಸೇತುವೆ ಅಡ್ಡ. ಗುಂಡ್ಯ ಹೊಳೆ ಉಕ್ಕಿದರೆ ಸೇತುವೆಯ ಮೇಲೆ ನೀರು, ದಡದ ಎರಡೂ ಕಡೆ ಸಾಲುಗಟ್ಟಿ ನಿಂತ ಬಸ್ಸುಗಳು. ಇಂದು ಶಾಂತಿಮೊಗರಿನಲ್ಲಿಯೂ ಹೊಸ್ಮಠದಲ್ಲಿಯೂ ಎತ್ತರವಾದ ಹೊಸ ಸೇತುವೆಗಳಾಗಿವೆ. ಆಲಂಕಾರಿನಿಂದ ಶಾಂತಿಮೊಗರು, ಕುದ್ಮಾರುಗಳ ಮೂಲಕ ಕಾಣಿಯೂರಿನ ರೈಲನ್ನು ಸೇರುವ ದಾರಿ ತೆರೆದಿದೆ. ಹೊಳೆಯನ್ನು ನಾವು ಗೆದ್ದೆವು. ಇನ್ನು ಗೆಲ್ಲಬೇಕಾದುದು ಗಡಿಯಾರವನ್ನು!

ಇದೇ ನನ್ನ ಭಾಷಣದ ಮುಖ್ಯವಾದ ಮಾತು. ನಮಗೆ ರಸ್ತೆಯಿದೆ, ಸೇತುವೆಯಿದೆ, ಬಸ್ಸಿದೆ, ರೈಲಿದೆ. ಇವುಗಳ ನಡುವೆ ಒಡಂಬಡಿಕೆಯಿಲ್ಲ. ರೈಲಿನ ವೇಳಾಪಟ್ಟಿಯನ್ನು ಮಾಡುವ ಮೇಜಿನ ಬಳಿ ಬಸ್ಸಿನವರಿಗೆ ಕುರ್ಚಿಯಿಲ್ಲ. ಬಸ್ಸಿನ ವೇಳೆಯನ್ನು ಗೊತ್ತುಮಾಡುವವರಿಗೆ ರೈಲಿನ ಗೊಡವೆಯಿಲ್ಲ. ರೈಲಿಗೆ ಹೋಗುವ ಬಸ್ಸು ಐದು ನಿಮಿಷ ತಡವಾದರೆ, ಗಾಡಿಗೇನೂ ನಷ್ಟವಿಲ್ಲ. ಅದರೊಳಗೆ ಕುಳಿತ ರೋಗಿಗೆ ಒಂದು ದಿನ ನಷ್ಟ, ಕೂಲಿಯವನಿಗೆ ಒಂದು ದಿನದ ಸಂಬಳ ನಷ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹಳಿಯ ಆಡಳಿತವನ್ನೂ ಒಮ್ಮೆ ನೋಡಿರಿ. ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ ಸೇರಿವೆ. ಪಡೀಲು ದಾಟಿ ಪುತ್ತೂರಿನ ಕಡೆಗೆ ಬಂದರೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ಮಂಗಳೂರಿನಿಂದ ಬಡಗಣಕ್ಕೆ ಉಡುಪಿಯತ್ತ ಹೋದರೆ ೧೯೯೮ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆ. ಒಂದೇ ಜಿಲ್ಲೆ, ಮೂರು ಆಡಳಿತಗಳು. ಮಂಗಳೂರಿನಿಂದ ಹೊರಡುವ ಗಾಡಿಯ ಹೊತ್ತನ್ನು ಕಾಣಿಯೂರಿನವರ ಅನುಕೂಲಕ್ಕೆ ತಿದ್ದಬೇಕಾದರೆ ಎರಡು ವಿಭಾಗಗಳ ಒಪ್ಪಿಗೆ ಬೇಕು. ಆ ಗಾಡಿಗೆ ಬಸ್ಸನ್ನು ಹೊಂದಿಸಬೇಕಾದರೆ ಸಾರಿಗೆ ನಿಗಮದ ಪುತ್ತೂರು ವಿಭಾಗದ ಒಪ್ಪಿಗೆ ಬೇಕು. ೧೯೫೬ರಲ್ಲಿ ಅಳಿಸಿದ ಗಡಿ, ಹಳಿಯ ಮೇಲೆ ಇನ್ನೂ ಅಳಿದಿಲ್ಲ. ಇದರಲ್ಲಿ ಮಲೆಯಾಳಿಗಳನ್ನಾಗಲಿ ಮತ್ತಾರನ್ನಾಗಲಿ ದೂರುವ ಉದ್ದೇಶ ನನಗಿಲ್ಲ. ಕಾಸರಗೋಡಿನ ಕನ್ನಡಿಗನೂ ಅದೇ ಪಾಲಕ್ಕಾಡು ವಿಭಾಗದ ಗಾಡಿಯನ್ನೇರಿ ಮಂಗಳೂರಿಗೆ ಬರುವವನು. ಅವನ ಅನುಕೂಲವೂ ನಮ್ಮ ಅನುಕೂಲವೇ. ನಾನು ಕೇಳುವುದು ಇಷ್ಟೆ: ಆಡಳಿತ ಮೂರಿರಲಿ, ವೇಳಾಪಟ್ಟಿ ಒಂದಿರಲಿ.

ಬಸ್ಸಿನ ಸಂಬಂಧವಾಗಿಯೂ ಎರಡು ಮಾತು. ಕರಾವಳಿಯ ಪೇಟೆಗಳಲ್ಲಿ ಖಾಸಗಿ ಬಸ್ಸುಗಳ ಹಾವಳಿಯೋ ಹಬ್ಬವೋ ನಡೆದಿರುವಾಗ, ಪುತ್ತೂರು ಸುಳ್ಯಗಳ ಒಳನಾಡು ಬಹುಮಟ್ಟಿಗೆ ಸರಕಾರಿ ಬಸ್ಸನ್ನೇ ನಂಬಿಕೊಂಡಿದೆ. ೨೦೨೩ರ ಜೂನ್ ೧೧ರಿಂದ ರಾಜ್ಯದ ಸ್ತ್ರೀಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿದೆ. ಬೀಡಿ ಕಟ್ಟಿ ಮನೆ ನಡೆಸುವ ತಾಯಿಗೂ ಕಾಲೇಜಿಗೆ ಹೋಗುವ ಮಗಳಿಗೂ ಅದು ದೊಡ್ಡ ಉಪಕಾರವೇ ಸರಿ. ಆದರೆ ಟಿಕೇಟು ಉಚಿತವಾದರೂ ಬಸ್ಸು ಬಾರದಿದ್ದರೆ ಆ ಉಪಕಾರ ಕಾಗದದ ಮೇಲೆಯೇ ಉಳಿಯುತ್ತದೆ. ಬಸ್ಸು ತಪ್ಪಿದ ಗಂಡಸು ಯಾರದೋ ಬೈಕಿನ ಹಿಂದೆ ಕುಳಿತು ಮನೆ ಸೇರುತ್ತಾನೆ. ಹಣವಿದ್ದವನು ಆಟೋ ಮಾಡುತ್ತಾನೆ. ಹದಿನೆಂಟರ ಹುಡುಗಿ ಏನು ಮಾಡಬೇಕು? ಸಂಜೆಯ ಕೊನೆಯ ಬಸ್ಸು ಎರಡು ಬಾರಿ ಕೈಕೊಟ್ಟರೆ, ಮೂರನೆಯ ಬಾರಿಗೆ ತಂದೆಯೇ 'ಸಾಕಮ್ಮ ಓದು' ಎನ್ನುತ್ತಾನೆ. ಆಗ ನಿಂತುಹೋದುದು ಬಸ್ಸು ಮಾತ್ರವಲ್ಲ ಎಂಬುದನ್ನು ಅಧಿಕಾರಿಗಳು ಅರಿಯಬೇಕು.

ಆ ಬಸ್ಸಿನ ಒಳಗೆ ಒಮ್ಮೆ ಕಿವಿಗೊಟ್ಟು ಕೇಳಿರಿ. ಒಂದು ಸೀಟಿನಲ್ಲಿ ತುಳು, ಮುಂದಿನದರಲ್ಲಿ ಹವ್ಯಕರ ಕನ್ನಡ, ಅದರ ಮುಂದೆ ಗೌಡರ ಅರೆಭಾಷೆ, ಹಿಂದೆ ಬ್ಯಾರಿ, ಮಲೆಯಾಳ, ಕೊಂಕಣಿ. ಮುಂಭಾಗದ ಬೋರ್ಡನ್ನು ಮಾತ್ರ ಎಲ್ಲರೂ ಕನ್ನಡದಲ್ಲಿ ಓದಿಕೊಂಡು ಹತ್ತುತ್ತಾರೆ. ಯಾರ ಮನೆಮಾತನ್ನೂ ಕಸಿಯದೆ ಎಲ್ಲರನ್ನೂ ಒಂದೇ ದಾರಿಯಲ್ಲಿ ಒಯ್ಯುವುದು ಕನ್ನಡದ ಕೆಲಸವೆಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಉಪ್ಪಿನಂಗಡಿ–ಕಡಬ ಬಸ್ಸು ಅದನ್ನು ಹೇಳದೆಯೇ ಮಾಡುತ್ತಿದೆ.

ಇನ್ನು ಮಾಡತಕ್ಕುದೇನು? ಮೂರು ಅಂಶಗಳನ್ನು ಸೂಚಿಸುತ್ತೇನೆ. ಮೊದಲನೆಯದು, ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸನ್ನಾದರೂ ಆಲಂಕಾರು, ಪೆರಾಬೆಗಳ ಕಡೆಯಿಂದ ಶಾಂತಿಮೊಗರು ಸೇತುವೆಯ ಮೇಲೆ ಕಾಣಿಯೂರಿನ ಪ್ಯಾಸೆಂಜರ್ ಗಾಡಿಗೆ ಸರಿಯಾಗಿ ಹೊಂದಿಸಬೇಕು. ಎರಡನೆಯದು, ಪುತ್ತೂರು, ಉಪ್ಪಿನಂಗಡಿ, ಕಡಬಗಳ ಬಸ್ ನಿಲ್ದಾಣಗಳಲ್ಲಿ ರೈಲಿನ ವೇಳೆಯನ್ನೂ, ರೈಲು ನಿಲ್ದಾಣಗಳಲ್ಲಿ ಬಸ್ಸಿನ ವೇಳೆಯನ್ನೂ ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು ತೂಗಹಾಕಬೇಕು; ಇದಕ್ಕೆ ಒಂದು ಹಲಗೆ, ಒಂದು ಡಬ್ಬಿ ಬಣ್ಣ ಸಾಕು. ಮೂರನೆಯದು, ಶಾಲೆ ಕಾಲೇಜು ಬಿಡುವ ಹೊತ್ತಿನ ಕೊನೆಯ ಬಸ್ಸನ್ನು ಯಾವ ಕಾರಣಕ್ಕೂ ರದ್ದು ಮಾಡಕೂಡದು. ಗಳಿಕೆ ಕಡಮೆಯೆಂದು ಅದನ್ನು ನಿಲ್ಲಿಸುವುದು ಮಗುವಿನ ಓದನ್ನು ಲಾಭನಷ್ಟದ ಪುಸ್ತಕದಲ್ಲಿ ಬರೆದಂತೆ.

ಈ ಬೇಡಿಕೆಗಳಿಗೆ ಬಲ ಬರಬೇಕಾದರೆ ಬರಿಯ ಮನವಿಪತ್ರ ಸಾಲದು, ಲೆಕ್ಕ ಬೇಕು. ಉಪಾಧ್ಯಾಯ ಬಂಧುಗಳೆ, ಅದು ನಿಮ್ಮಿಂದಲೇ ಆಗತಕ್ಕ ಕೆಲಸ. ನಿಮ್ಮ ತರಗತಿಯ ಮಕ್ಕಳಿಂದ ಒಂದು ವಾರದ ಪಟ್ಟಿ ಬರೆಯಿಸಿರಿ: ಮನೆಯಿಂದ ಯಾರು, ಎಲ್ಲಿಗೆ, ಯಾವ ಹೊತ್ತಿಗೆ ಹೊರಟರು; ಎಷ್ಟು ನಡೆದರು, ಎಷ್ಟು ಕಾದರು, ಎಷ್ಟು ಹೊತ್ತಿಗೆ ಮರಳಿದರು. ಮಕ್ಕಳಿಗೆ ಅದು ಭೂಗೋಳವೂ ಆಯಿತು, ಗಣಿತವೂ ಆಯಿತು. ಪೆರಾಬೆ, ಕುಂತೂರು, ರಾಮಕುಂಜ, ಆಲಂಕಾರುಗಳ ಶಾಲೆಗಳಿಂದ ಅಂಥ ಪಟ್ಟಿಗಳು ಒಂದೆಡೆ ಸೇರಿದರೆ, ಯಾವ ಅಧಿಕಾರಿಯೂ 'ಆ ದಾರಿಯಲ್ಲಿ ಪ್ರಯಾಣಿಕರಿಲ್ಲ' ಎಂದು ಹೇಳುವಂತಿಲ್ಲ. ಪೇಟೆಯ ಮಹನೀಯರು ಆ ಪಟ್ಟಿಗಳನ್ನು ಹಿಡಿದು ಪುತ್ತೂರಿನ ಸಾರಿಗೆ ಕಚೇರಿಗೂ ರೈಲ್ವೆ ವಿಭಾಗಗಳಿಗೂ ಒಟ್ಟಾಗಿ ಹೋಗಲಿ.

ಬರುವ ಸೋಮವಾರವೇ ಈ ಪಟ್ಟಿ ಆರಂಭವಾಗಲೆಂದು ಪ್ರಾರ್ಥಿಸುತ್ತೇನೆ.